ಶೋಕಮಾತೆ ಮ್ಯೂಸಿಯಮ್ಮಿಗೆ ಹೋದದ್ದು

ಸಾಂತಾ ಇನೆಸ್, ಲಗುನಾ
೩ ಫೆಬ್ರವರಿ ೨೦೧೯

ತಮ್ಮ ಎಲ್ಮೊ,

ನಿನ್ನ ವ್ಯಾನು ತಿರುವಿನಲ್ಲಿ ಮರೆಯಾದಾಗಿನಿಂದ ಮನೆ ಹಲ್ಲು ಕಿತ್ತ ಬಾಯಿಯಂತಾಗಿದೆ. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಬೆಳಿಗ್ಗೆ ಅಭ್ಯಾಸಬಲದಿಂದ ಗಾಜಿನ ಕಪಾಟಿನ ಮುಂದೆ ಮೇಣದಬತ್ತಿ ಹಚ್ಚಿದೆ. ಒಳಗೆ ನಮ್ಮ ಶೋಕಮಾತೆ ಮರಿಯಳ ಮೂರ್ತಿ ಇಲ್ಲ, ನೀನು ಮನೀಲಾದ ಮ್ಯೂಸಿಯಮ್ಮಿಗೆ ಒಯ್ದಿದ್ದೀ ಎಂದು ಆಮೇಲೆ ನೆನಪಾಗಿ ಆರಿಸಿದೆ. ಖಾಲಿ ಕಪಾಟಿಗೆ ಯಾರು ಮೇಣ ಸುಡುತ್ತಾರೆ?

ಫೋನ್ ಮಾಡಿದರೆ ನೀನು ‘ಸಿಗ್ನಲ್ ಇಲ್ಲ ಅಕ್ಕ’ ಎಂದು ನುಣುಚಿಕೊಳ್ಳುತ್ತೀ. ಪತ್ರಕ್ಕೆ ಸಿಗ್ನಲ್ ಬೇಕಿಲ್ಲ. ಕಂಡಕ್ಟರ್ ಮಾಂಗ್ ದೋರೋ ಕೈಯಲ್ಲಿ ಕಳಿಸುತ್ತಿದ್ದೇನೆ, ಜೊತೆಗೆ ಬಾಳೆ ಎಲೆಯಲ್ಲಿ ಸುತ್ತಿದ ಎಮ್ಮೆ ಹಾಲಿನ ಬಿಳಿ ಚೀಸು. ಉತ್ತರವನ್ನೂ ಅವನ ಕೈಯಲ್ಲೇ ಕಳಿಸು.

ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ. ಮುಖ ಮತ್ತು ಎರಡು ಕೈ, ಊರಿಗೆ ಕಾಣುವುದು ಅಷ್ಟೇ. ಕುತ್ತಿಗೆಯ ಕೆಳಗಿನದು ಅವಳಿಗೆ ಉಡಿಸುವ ಹೆಂಗಸರಿಗೆ ಬಿಟ್ಟದ್ದು. ಅಜ್ಜಿ ಬಾಗಿಲು ಹಾಕಿಕೊಂಡು ಉಡಿಸಿದಳು, ಅಮ್ಮ ಹಾಗೆಯೇ, ಈಗ ನಾನು. ಅಪ್ಪ ಕೂಡ ಬಾಗಿಲಾಚೆ ನಿಂತು ಸಂದಿಯಲ್ಲಿ ಪಿನ್ನು ಕೊಟ್ಟವನೇ ಹೊರತು ಒಳಗೆ ಇಣುಕಿದವನಲ್ಲ. ಧೂಳು ಕೂತರೆ ಮೇಲಿನಿಂದ ಊದು. ನಿಲುವಂಗಿಯ ಒಂದು ಪಿನ್ನನ್ನೂ ತೆಗೆಯಬೇಡ.

ಪ್ರದರ್ಶನ ಏಪ್ರಿಲ್ ಏಳಕ್ಕೆ ಮುಗಿಯುತ್ತದೆ ಎಂದಿದ್ದೀ. ಹತ್ತೊಂಬತ್ತಕ್ಕೆ ಶುಭ ಶುಕ್ರವಾರ. ಮೂರ್ತಿಗಳ ಮೆರವಣಿಗೆಯಲ್ಲಿ ಕೊನೆಯ ಗಾಡಿ ನಮ್ಮದು, ಅಜ್ಜಿಯ ಕಾಲದಿಂದ. ಒಂದು ವರ್ಷ ಜಾಗ ಖಾಲಿ ಬಿಟ್ಟವರಿಗೆ ಮರುವರ್ಷ ಜಾಗವಿಲ್ಲ. ಇದು ಪಾದ್ರಿಗಳ ನಿಯಮವಲ್ಲ, ಊರಿನದು, ಆದ್ದರಿಂದ ಬದಲಾಗುವುದಿಲ್ಲ. ನಮ್ಮ ದೊಡ್ಡಪ್ಪನ ಮಗಳು ಚಾರಿಂಗ್ ಆಗಲೇ ಫೈಬರಿನ ಹೊಸ ಶೋಕಮಾತೆಯನ್ನು ಮಾಡಿಸಿಟ್ಟುಕೊಂಡಿದ್ದಾಳೆ. ನಿನ್ನೆ ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕಳು. “ಏನೇ ಪೂರಿಂಗ್, ನಿಮ್ಮ ತಾಯಿ ಮನೀಲಾ ನೋಡೋಕೆ ಹೋದ್ಳಂತೆ? ವಾಪಸ್ ಬರೋಕೆ ವೀಸಾ ಬೇಕಾ?” ಎಂದಳು. “ನಿನ್ನ ತಾಯಿ ಬಿಸಿಲಿಗೆ ಕರಗ್ದೆ ಇದ್ರೆ ಸಾಕು” ಎಂದೆ.

ಅಪ್ಪನ ಮನೆಯಲ್ಲಿ ಪ್ರಾಸವಿಲ್ಲದೆ ಪತ್ರ ಮುಗಿಯಬಾರದಲ್ಲ, ತಗೋ:

ಹೊತ್ತೊಯ್ದ ತಾಯಿಯನ್ನು ಹೊತ್ತಿಗೆ ಮುನ್ನ ತಂದರೆ ಅನ್ನ;
ಹೊತ್ತು ಮೀರಿ ತಂದೆಯೋ, ಹೊರಗೇ ನಿಲ್ಲಿಸುವೆ ನಿನ್ನ.

ನಿನ್ನ ಅಕ್ಕ,
ಪೂರಿಂಗ್


ಕುಬಾವ್, ಮನೀಲಾ
೧೨ ಫೆಬ್ರವರಿ

ಅಕ್ಕಾ,

ಚೀಸು ತಲುಪಿತು. ಅರ್ಧ ಮಾತ್ರ. ಉಳಿದರ್ಧಕ್ಕೆ ಮಾಂಗ್ ದೋರೋ ಮುಖ ನೋಡಿದೆ. “ದಾರಿ ಉದ್ದ ಅಲ್ವಾ ಸಾರ್” ಎಂದ.

ಪ್ರದರ್ಶನ ಶುರುವಾಯಿತು. ಗೋಡೆ ಬಿಳಿ, ನೆಲ ಬಿಳಿ. ಗಾಳಿ ಯಂತ್ರ ಎಷ್ಟು ತಣ್ಣಗಿದೆಯೆಂದರೆ ಕಾವಲುಗಾರರು ಮನೀಲಾದಲ್ಲಿ ಸ್ವೆಟರ್ ಹಾಕಿ ನಿಲ್ಲುತ್ತಾರೆ. ನಮ್ಮ ಪಕ್ಕದ ಕೋಣೆಯಲ್ಲಿ ಒಬ್ಬ ಗೋಡೆ ತುಂಬ ಫ್ಯಾನು ಜೋಡಿಸಿದ್ದಾನೆ, ಒಂದೂ ತಿರುಗುವುದಿಲ್ಲ. ಅದೇ ಅದರ ಅರ್ಥವಂತೆ. ಅದರಾಚೆ ಒಬ್ಬಳು ನೆಲದ ಮೇಲೆ ಅಕ್ಕಿ ಸುರಿದಿದ್ದಾಳೆ. ಮೊದಲ ದಿನ ಬಂದ ಮಂತ್ರಿಗಳ ಹೆಂಡತಿ ಅದನ್ನು ಮೆಟ್ಟಿಕೊಂಡು ನಮ್ಮ ಕೋಣೆಗೆ ಬಂದರು. ಅದಕ್ಕೂ ಚಪ್ಪಾಳೆ ಬಿತ್ತು.

ಪ್ರದರ್ಶನದ ಮೇಲ್ವಿಚಾರಕಿ ಬಿಯಾಂಕಾ ನಮ್ಮ ತಾಯಿಯ ಮುಂದೆ ಬಹಳ ಹೊತ್ತು ನಿಂತು, “ಎಲ್ಮೊ, ಇವಳು ಸುಮ್ನೆ ನಿಂತಿಲ್ಲ, ನಮ್ಮನ್ನ ಪ್ರಶ್ನೆ ಮಾಡ್ತಿದ್ದಾಳೆ” ಎಂದಳು. ಹೌದು ಎಂದೆ. ಹದಿನೈದು ವರ್ಷ ಗುಂಪು ಪ್ರದರ್ಶನಗಳ ಮೂಲೆಯಲ್ಲಿ ನಿಂತವನು ನಾನು, ಬಚ್ಚಲಿನ ಪಕ್ಕದ ಗೋಡೆಯೇ ನನ್ನ ಖಾಯಂ ವಿಳಾಸ. ಈಗ ಒಂದು ಇಡೀ ಕೋಣೆ ಸಿಕ್ಕಿದೆ. ಪತ್ರಿಕೆಯಲ್ಲಿ ಹೆಸರು ಬಂದಿದೆ.

ತಾಯಿ ಚೆನ್ನಾಗಿದ್ದಾಳೆ. ಕಪ್ಪು ಮಖಮಲ್ಲು, ಬೆಳ್ಳಿಯ ಕಿರೀಟ, ಎಲ್ಲವೂ ಇಲ್ಲೇ ಇವೆ. ಚಿಂತೆ ಬೇಡ.

ದೀಪ ಜಾಸ್ತಿ, ಧೂಪ ನಾಸ್ತಿ, ಗಾಳಿಯೋ ತಣ್ಣಗೆ;
ತಾಯಿ ಮಾತ್ರ ನಿಂತಿದ್ದಾಳೆ ಹೂಬತ್ತಿಯಂತೆ ಸಣ್ಣಗೆ.

ನಿನ್ನ,
ಎಲ್ಮೊ


ಸಾಂತಾ ಇನೆಸ್
೨೪ ಫೆಬ್ರವರಿ

ತಮ್ಮಾ,

ನಿನ್ನ ಹೆಸರಿದ್ದ ಪತ್ರಿಕೆಯನ್ನು ಮಾಂಗ್ ದೋರೋ ತಂದುಕೊಟ್ಟ. ಫೋಟೋ ಇರಬೇಕಾದ ಪುಟದಲ್ಲಿ ಅವನ ಮೀನು ಸುತ್ತಿದ್ದರು. ತಾಯಿ ಇದ್ದಳೋ ತುಲಿಂಗನ್ ಮೀನು ಇತ್ತೋ ತಿಳಿಯಲಿಲ್ಲ. ಆದರೂ ನಿನ್ನ ಹೆಸರಿನ ಸಾಲನ್ನು ಕತ್ತರಿಸಿ ಅಮ್ಮನ ಪಟದ ಕೆಳಗೆ ಸಿಕ್ಕಿಸಿದ್ದೇನೆ. ಅಮ್ಮ ಇದ್ದಿದ್ದರೆ ಊರಿನ ಮನೆಮನೆಗೂ ಹೊತ್ತು ತಿರುಗುತ್ತಿದ್ದಳು. ನಾನು ನಾಲ್ಕು ಮನೆಗೆ ಮಾತ್ರ ಹೋದೆ.

ಆ ನಾಲ್ಕೂ ಮನೆಯಲ್ಲಿ ಒಂದೇ ಪ್ರಶ್ನೆ. “ತಾಯಿನ ಹೇಗೆ ಇಟ್ಟಿದ್ದಾರೆ ಪೂರಿಂಗ್? ಮುಟ್ಟೋಕೆ ಬಿಡ್ತಾರಾ?” ಮುದುಕಿ ಆಲಿಂಗ್ ಇದ್ಯಾಂಗ್‌ಗಂತೂ ನಿದ್ದೆಯಿಲ್ಲ. “ಆ ತಣ್ಣನೆ ಕೋಣೇಲಿ ಅವಳೊಬ್ಬಳೇ ಇದ್ದಾಳಲ್ಲೇ” ಎಂದು ಕಣ್ಣೊರೆಸಿಕೊಂಡಳು. “ಒಬ್ಬಳೇ ಅಲ್ಲ, ಪಕ್ಕದಲ್ಲಿ ಫ್ಯಾನ್ ಇದೆಯಂತೆ” ಎಂದೆ.

ಒಂದು ಪಟ ಕಳಿಸು. ನಿನಗಾಗಿ ಅಲ್ಲ, ಇವರಿಗಾಗಿ. ಅವಳನ್ನು ಕೊಟ್ಟು ಕಳಿಸುವಾಗ ನಾನು ಇವರನ್ನು ಯಾರನ್ನೂ ಕೇಳಿರಲಿಲ್ಲ. ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತಿದೆ. ಯಾಕೆ ಎಂದು ಕೇಳಬೇಡ.

ಬಾಯಿಮಾತು ಬೇಡ ತಮ್ಮಾ, ಬೇಕು ಒಂದು ಪಟ;
ಕಣ್ಣಿಂದ ಕಾಣುವ ತನಕ ಬಿಡೆನು ನನ್ನ ಹಟ.

ಪೂರಿಂಗ್


ಮನೀಲಾ
೭ ಮಾರ್ಚ್

ಅಕ್ಕಾ,

ಪಟ ಇದರೊಂದಿಗಿದೆ. ಮುಖ ಚೆನ್ನಾಗಿ ಬಂದಿದೆ, ಕಣ್ಣಿನ ಗಾಜಿನ ಹನಿ ಕೂಡ ಕಾಣುತ್ತದೆ. ಪೂರ್ತಿ ಪಟ ತೆಗೆಯಲು ಇಲ್ಲಿ ಅನುಮತಿ ಬೇಕು; ಅನುಮತಿ ಕೊಡುವವರು ರಜದಲ್ಲಿದ್ದಾರೆ.

ಒಂದು ಸಣ್ಣ ಮಾತು. ಮರಕ್ಕೆ ಹುಳು ಹಿಡಿದಿದೆಯೇ ಎಂದು ನೋಡುವ ಹುಡುಗಿಯೊಬ್ಬಳು ಮ್ಯೂಸಿಯಮ್ಮಿನಲ್ಲಿ ಇದ್ದಾಳೆ. ನಿಲುವಂಗಿಯ ಮೇಲಿನಿಂದಲೇ (ಮೇಲಿನಿಂದಲೇ ಅಕ್ಕಾ) ಕೈಯಾಡಿಸಿ, “ಒಳಗೆ ಏನೋ ಗಂಟು ಗಂಟಾಗಿ ಮೆತ್ತಗಿದೆ, ಏನದು?” ಎಂದು ಕೇಳಿದಳು. ನನಗೇನು ಗೊತ್ತು? ನಿನ್ನನ್ನು ಕೇಳುತ್ತೇನೆ ಎಂದಿದ್ದೇನೆ. ಬೆಲೆ ಬಾಳುವುದೇ? ಇರಲೇಬೇಕಾದದ್ದೇ? ಸುಮ್ಮನೆ ತಿಳಿದಿರಲಿ ಎಂದು.

ಕೇಳಿದ್ದು ಕಳಿಸಿದ್ದೇನೆ, ಕೆದಕಿ ನೋಡಬೇಡ;
ಕಲೆಯೆಂದರೆ ಹೀಗೇ ಅಕ್ಕಾ, ಸ್ವಲ್ಪ ನಿಗೂಢ.

ಎಲ್ಮೊ


ಸಾಂತಾ ಇನೆಸ್
೧೫ ಮಾರ್ಚ್

ತಮ್ಮಾ,

ಪ್ರಾಸ ಕುಂಟಿದೆ. ಚಿಕ್ಕಂದಿನಲ್ಲಿ ನಿನ್ನ ಪ್ರಾಸ ಕುಂಟಿದಾಗಲೆಲ್ಲ ಅಪ್ಪ ಪದ ತಿದ್ದುತ್ತಿರಲಿಲ್ಲ, “ಏನ್ ಮುರಿದೆಯೋ, ಹೇಳು” ಎನ್ನುತ್ತಿದ್ದ. ನಾನೂ ಅದನ್ನೇ ಕೇಳುತ್ತಿದ್ದೇನೆ.

ಪಟವನ್ನು ಎಲ್ಲರೂ ನೋಡಿದರು. ಮುಸುಕಿನ ಪಿನ್ನು ಎಡಗಡೆ ಇದೆ. ನಾನು ಚುಚ್ಚಿದ್ದು ಬಲಕ್ಕೆ. ಗಾಳಿ ಯಂತ್ರದ ಗಾಳಿಗೆ ಸರಿದಿರಬೇಕು ಎಂದೆ. “ಗಾಳಿಗೆ ಪಿನ್ ಚುಚ್ಚೋದೂ ಬರುತ್ತಾ?” ಎಂದಳು ಚಾರಿಂಗ್. ಅವಳಿಗೆ ಎಲ್ಲದರಲ್ಲೂ ಕೊಂಕು.

ಒಳಗಿನ ಗಂಟಿನ ಬಗ್ಗೆ ಕೇಳಿದ್ದೀ. ಹಳೇ ಬಟ್ಟೆ ಚೂರು. ಮರದ ಪಟ್ಟಿಗಳ ಹಂದರ ತೆಳ್ಳಗಿದೆ, ಮೈ ತುಂಬಿ ಕಾಣಲಿ ಎಂದು ಯಾರೋ ಯಾವಾಗಲೋ ಕಟ್ಟಿದ್ದು. ಅಷ್ಟೇ. ಅದರ ಸುದ್ದಿ ಬೇಡ, ಆ ಹುಡುಗಿಗೂ ಹೇಳು.

ಈಗ ಸಂತೋಷದ ಮಾತು. ಉಪವಾಸ ಕಾಲದಲ್ಲಿ ಯೇಸುವಿನ ಪಾಡಿನ ಪದ್ಯ ಓದುವ ನಮ್ಮ ಗುಂಪಿನ ಹೆಂಗಸರೆಲ್ಲ ಸೇರಿ ಮ್ಯೂಸಿಯಮ್ಮಿಗೆ ಬರುತ್ತಿದ್ದೇವೆ! ಬಸ್ಸು ಬಾಡಿಗೆಗೆ ಹಿಡಿದಾಗಿದೆ. ಮಾರ್ಚ್ ಮೂವತ್ತು, ಶನಿವಾರ. ಆಲಿಂಗ್ ಇದ್ಯಾಂಗ್ ಮಂಡಿನೋವಿಗೆ ಎಣ್ಣೆ ತಿಕ್ಕಲು ಈಗಲೇ ಶುರು ಮಾಡಿದ್ದಾಳೆ. ಚಾರಿಂಗ್ ಕೂಡ ಬರುತ್ತಾಳೆ. “ನೋಡೋಣ, ನಿನ್ನ ತಮ್ಮ ಏನ್ ಕಡಿದು ಕಟ್ಟೆ ಹಾಕಿದ್ದಾನೆ ಅಂತ” ಎಂದಳು. ಅವಳ ಬಾಯಿ ಮುಚ್ಚಿಸುವ ಹಾಗೆ ನೀನು ಒಳ್ಳೆಯ ಅಂಗಿ ಹಾಕಿಕೊಂಡು ಬಾಗಿಲಲ್ಲೇ ನಿಂತಿರು.

ಬುತ್ತಿಯಲ್ಲಿ ಸುಮನ್ ಕಡುಬು, ಬಾಗಿಲಿಗೆ ಬಸ್ಸು;
ಬಂದು ನೋಡುವೆವು ತಮ್ಮಾ, ನಿನ್ನ ಯಶಸ್ಸು!

ಪೂರಿಂಗ್


ಮನೀಲಾ
೧೯ ಮಾರ್ಚ್

ಅಕ್ಕಾ,

ದಯವಿಟ್ಟು ಬರಬೇಡಿ.

ಬೇಡ ಎಂದಲ್ಲ, ಈಗ ಬೇಡ. ಮಾರ್ಚಿನ ಬಿಸಿಲು, ದಾರಿಯಲ್ಲಿ ವಾಹನಗಳ ಸಾಲು, ಮಧ್ಯಾಹ್ನಕ್ಕಾದರೂ ತಲುಪುತ್ತೀರೋ ಇಲ್ಲವೋ. ಮ್ಯೂಸಿಯಮ್ಮಿಗೆ ಚಲಿಸುವ ಮೆಟ್ಟಿಲು. ಆಲಿಂಗ್ ಇದ್ಯಾಂಗ್ ಮಾರುಕಟ್ಟೆಯಲ್ಲಿ ಅಂಥದ್ದರ ಮುಂದೆ ಶಿಲುಬೆ ಗುರುತು ಹಾಕಿಕೊಂಡು ವಾಪಸ್ ಬಂದದ್ದು ಮರೆತೆಯಾ? ಒಳಗೆ ಬುತ್ತಿ ಬಿಚ್ಚಲು ಬಿಡುವುದಿಲ್ಲ. ಮಾತಾಡುವ ಹಾಗಿಲ್ಲ. ನಮ್ಮ ಹೆಂಗಸರು ಮಾತಾಡದೆ ಎಷ್ಟು ಹೊತ್ತು ಇರಬಲ್ಲರು? ಆ ಶನಿವಾರ ಕೋಣೆ ಮುಚ್ಚಿರುತ್ತದೆ ಎಂದೂ ಕೇಳಿದ್ದೇನೆ. ಖಚಿತವಿಲ್ಲ. ನನಗೂ ಸ್ವಲ್ಪ ಜ್ವರ.

ಬಿಸಿಲೂ ಬಹಳ, ದಾರಿಯೂ ಬಹಳ, ಬೇಡ ಈ ಪಾಡು;
ಏಪ್ರಿಲ್ ತಿಂಗಳು ಮುಗಿಯಲಿ, ಆಮೇಲೆ ಬಂದು ನೋಡು.

ಎಲ್ಮೊ


ಸಾಂತಾ ಇನೆಸ್
೨೩ ಮಾರ್ಚ್

ಎಲ್ಮೊ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಅಳು ಬಂತು, ಎರಡನೆಯ ಸಲ ಸಿಟ್ಟು. ಮೂರನೆಯ ಸಲ ಓದಿದರೆ ಏನು ಬರುತ್ತದೋ ಎಂದು ಮಡಚಿಟ್ಟೆ.

ನಾಚಿಕೆಯಲ್ಲವೇ ನಿನಗೆ? ಜ್ವರವಲ್ಲ, ನಾಚಿಕೆ. ಸ್ವೆಟರ್ ಹಾಕಿದ ಕಾವಲುಗಾರರ ಮುಂದೆ, ಬಿಯಾಂಕಾ ಮುಂದೆ, ಸೊಳ್ಳೆಬತ್ತಿ ವಾಸನೆಯ ನಮ್ಮ ಉಡುಪು, ಪ್ಲಾಸ್ಟಿಕ್ ಚೀಲ, ರಬ್ಬರ್ ಚಪ್ಪಲಿ ಬಂದು ನಿಂತರೆ ನಿನ್ನ ಕೋಣೆಯ ಬಿಳುಪು ಕೆಡುತ್ತದೆ. ಅದೇ ತಾನೆ? ನಿನ್ನ ಕಾಲೇಜಿಗೆ ಶುಲ್ಕ ಕಟ್ಟಿದ್ದು ಈ ಚೀಸು ಹಿಂಡಿದ ಕೈಯೇ. ಲೆಕ್ಕ ಹೇಳುತ್ತಿಲ್ಲ, ಕೈ ತೋರಿಸುತ್ತಿದ್ದೇನೆ.

ಇನ್ನೊಂದು. ‘ಏಪ್ರಿಲ್ ಮುಗಿಯಲಿ’ ಎಂದರೆ ಏನರ್ಥ? ಏಪ್ರಿಲ್ ಹತ್ತೊಂಬತ್ತಕ್ಕೆ ಅವಳು ಇಲ್ಲಿ ಗಾಡಿಯ ಮೇಲಿರಬೇಕು. ಪ್ರಾಸಕ್ಕಾಗಿ ಬರೆದೆಯೋ, ನಿಜ ಬಾಯಿ ತಪ್ಪಿ ಬಂತೋ? ಅಪ್ಪನ ಮಗನಿಗೆ ಪ್ರಾಸಕ್ಕೆ ಪದ ಸಿಗದಷ್ಟು ಬಡತನ ಬಂದಿಲ್ಲ.

ಸದ್ದಾದರೆ ಆಗಲಿ ಬಿಡು ನಮ್ಮ ಚಪ್ಪಲಿ ಸದ್ದು;
ಬರುತ್ತೇವೆ ಶನಿವಾರ, ಕೋಳಿಗೂ ಮೊದಲೆದ್ದು.

ಪೂರಿಂಗ್


ಮನೀಲಾ
೨೮ ಮಾರ್ಚ್

ಅಕ್ಕಾ,

ನಾಚಿಕೆ ನಿಮ್ಮದಲ್ಲ, ನನ್ನದು. ಇದನ್ನು ಓದಿದ ಮೇಲೆ ಬಸ್ಸು ನಿಲ್ಲಿಸುತ್ತೀ ಎಂದು ನಂಬಿ ಬರೆಯುತ್ತಿದ್ದೇನೆ.

ಅವಳು ನಿಲುವಂಗಿಯಲ್ಲಿ ಇಲ್ಲ. ನಿಲುವಂಗಿ ಬೇರೆ ಗಾಜಿನ ಪೆಟ್ಟಿಗೆಯಲ್ಲಿ ಇದೆ. ಅವಳು ಹಂದರವಾಗಿ ನಿಂತಿದ್ದಾಳೆ: ಮುಖ, ಕೈ, ನಡುವೆ ಮರದ ಪಟ್ಟಿಗಳು, ಎದೆಯ ಜಾಗದಲ್ಲಿ ಒಂದು ದೀಪ. ಮೊದಲ ದಿನ ಮುಸುಕು ಸರಿಮಾಡಲು ಹೋದಾಗ ಬಿಯಾಂಕಾ “ಒಳಗೇನಿದೆ ಎಲ್ಮೊ?” ಎಂದು ಕೇಳಿದಳು. ನಲವತ್ತನಾಲ್ಕು ವರ್ಷ ನಾನು ಕೂಡ ಅದನ್ನೇ ಕೇಳಿಕೊಂಡು ಬೆಳೆದವನು. ಪಿನ್ನು ತೆಗೆದೆ. ಪಟಕ್ಕಾಗಿ ಮುಸುಕನ್ನು ಮಾತ್ರ ಮತ್ತೆ ಹೊದಿಸಿದ್ದೆ. ಅದಕ್ಕೇ ಅದು ಎಡಗಡೆ.

ಬಟ್ಟೆ ಚೂರುಗಳಿಂದಾಗಿ ಬೆಳಕು ಹೊರಗೆ ಬೀಳುತ್ತಿರಲಿಲ್ಲ. ನೀನು ‘ಹಳೇ ಬಟ್ಟೆ, ಅಷ್ಟೇ’ ಎಂದು ಬರೆದ ಮೇಲೆ ಎದೆಯ ಸುತ್ತಲಿನದನ್ನೆಲ್ಲ ಬಿಚ್ಚಿದೆ. ಬೆಳಕು ಹರಿಯಿತು. ಜನ ಸಾಲು ನಿಂತರು.

ಮುಗಿಯುವ ದಿನವೂ ಸುಳ್ಳು. ಮೊದಲು ಏಳೇ ಇತ್ತು. ಜನ ಹೆಚ್ಚಾಗಿ ಬಂದರೆಂದು ಇಪ್ಪತ್ತೆಂಟಕ್ಕೆ ಮುಂದೂಡಿದರು, ನಾನು ಸಹಿ ಹಾಕಿದೆ. ಕರಾರಿನಲ್ಲಿ ಮಾಲೀಕ ಎಂಬ ಜಾಗದಲ್ಲಿಯೂ ನನ್ನದೇ ಹೆಸರು ಬರೆದಿದ್ದೇನೆ.

ಬರಬೇಡ ಅಕ್ಕಾ. ಅವರೆಲ್ಲರ ಕಣ್ಣಿಗೆ ಅವಳನ್ನು ಹಾಗೆ ಬೀಳಿಸಬೇಡ.

ಎಲ್ಮೊ


ಸಾಂತಾ ಇನೆಸ್
೨ ಏಪ್ರಿಲ್

ಎಲ್ಮೊ,

೨೮ರ ನಿನ್ನ ಪತ್ರವನ್ನು ನೀನು ಮಾಂಗ್ ದೋರೋಗೆ ಕೊಟ್ಟದ್ದು ಮೂವತ್ತರ ಬೆಳಿಗ್ಗೆ. ಎರಡು ದಿನ ಬಸ್ ನಿಲ್ದಾಣಕ್ಕೆ ಬಂದು ಬಂದು ವಾಪಸ್ ಹೋದೆಯಂತೆ, ಅವನೇ ಹೇಳಿದ. ನಿನ್ನ ಪತ್ರ ಊರಿಗೆ ಬರುವಾಗ ನಾವು ಎದುರಿನ ಬಸ್ಸಿನಲ್ಲಿ ಹಾಡುತ್ತ ಮನೀಲಾಕ್ಕೆ ಹೋಗುತ್ತಿದ್ದೆವು. ಬಾಗಿಲಲ್ಲಿ ನೀನು ಇರಲಿಲ್ಲ.

ಆದದ್ದನ್ನು ಬರೆಯುತ್ತೇನೆ. ಒಂದು ಹುಡುಗಿ ನಮ್ಮನ್ನು ಒಳಗೆ ಕರೆದೊಯ್ದಳು. ಮುಂದೆ ನಾನಿದ್ದೆ. ಅವಳನ್ನು ಕಂಡೆ. ಕಾಲು ನಿಂತಿತು, ಹಿಂದಿನವರು ಬಂದು ಬೆನ್ನಿಗೆ ತಾಗಿದರು, ಅವರೂ ಕಂಡರು. ಯಾರೂ ಒಂದು ಮಾತಾಡಲಿಲ್ಲ. ನಮ್ಮ ಹೆಂಗಸರು ಮಾತಾಡದೆ ಎಷ್ಟು ಹೊತ್ತು ಇರಬಲ್ಲರು ಎಂದು ಕೇಳಿದ್ದೆಯಲ್ಲ, ಬಹಳ ಹೊತ್ತು.

ಆಮೇಲೆ ಒಬ್ಬೊಬ್ಬರೇ ಹಗ್ಗದ ಹತ್ತಿರ ಹೋಗಿ ಹುಡುಕತೊಡಗಿದರು. ಕಣ್ಣಿನಿಂದಲೇ, ಪಟ್ಟಿಯಿಂದ ಪಟ್ಟಿಗೆ. ಕರೆದುಕೊಂಡು ಬಂದ ಹುಡುಗಿಗೆ ಸಂಭ್ರಮ. “ಇಷ್ಟು ಹೊತ್ತು, ಇಷ್ಟು ಹತ್ತಿರದಿಂದ ಯಾರೂ ನೋಡಿಲ್ಲ ಮೇಡಂ!” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ನಾನೂ ಹುಡುಕುತ್ತಿದ್ದೆ. ನಡುವಿನ ದೀಪ ಕಣ್ಣಿಗೆ ಚುಚ್ಚುತ್ತಿತ್ತು, ಅತ್ತ ನೋಡಲು ಆಗಲಿಲ್ಲ.

ಆಲಿಂಗ್ ಇದ್ಯಾಂಗ್ ಹಗ್ಗ ಎತ್ತಿ ಒಳಗೆ ನುಗ್ಗಿದಳು. ಕಾವಲಿನವನು ಓಡಿ ಬಂದ. “ಅಜ್ಜೀ, ಮುಟ್ಬಾರ್ದು.” “ಮಗಾ, ನಿಮ್ಮಪ್ಪ ಹುಟ್ಟೋಕೆ ಮುಂಚೆ ಮುಟ್ಟಿದ್ದೀನಿ, ಸರಿ ಆಚೆ.” ತಲೆವಸ್ತ್ರ ಬಿಚ್ಚಿ ತಾಯಿಯ ಸೊಂಟಕ್ಕೆ ಸುತ್ತಿದಳು. ಚಾರಿಂಗ್ ಕೊಡೆ ಬಿಚ್ಚಿ, ಬೇರೆ ಜನರ ಕಡೆ ಬೆನ್ನು ಮಾಡಿ, ಅವಳ ಮುಂದೆ ಅಡ್ಡ ಹಿಡಿದು ನಿಂತಳು. ಹೌದು, ಚಾರಿಂಗ್. ಉಳಿದವರು ತಮ್ಮ ತಮ್ಮ ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ಯಾರೋ ಫೋನಿನಲ್ಲಿ ಚಿತ್ರ ತೆಗೆದರು. ಬಿಯಾಂಕಾ ಎನ್ನುವವಳು ಓಡಿ ಬಂದು ನನ್ನ ಕೈ ಹಿಡಿದು, “ಇದನ್ನ ಪ್ರತಿ ಶನಿವಾರ ಮಾಡೋಕಾಗುತ್ತಾ?” ಎಂದು ಕೇಳಿದಳು.

ವಾಪಸ್ ಬರುವಾಗ ಯಾರೂ ಬುತ್ತಿ ಬಿಚ್ಚಲಿಲ್ಲ. ಊರಲ್ಲಿ ಇಳಿದ ಮೇಲೆ ಚಾರಿಂಗ್ ನನ್ನ ಮೊಣಕೈ ಹಿಡಿದಳು. “ಪೂರಿಂಗ್, ನಂದು ಎಲ್ಲೇ?” ಎಂದಳು. ನೀನು ಬಿಚ್ಚಿದ್ದೀ ಎಂದು ನಿನ್ನ ಪತ್ರ ಓದಿದ ಮೇಲೇ ನನಗೆ ಗೊತ್ತಾಯಿತು.

ಈಗ ಕೇಳು. ಇದನ್ನು ಗಂಡಸಿಗೆ ಬರೆಯುತ್ತಿರುವ ಮೊದಲ ಹೆಂಗಸು ನಾನೇ ಇರಬೇಕು, ಓದಿ ಸುಟ್ಟುಬಿಡು. ಹುಟ್ಟುವ ಮೊದಲೇ ಹೋದ ಮಕ್ಕಳಿಗೆ, ಹಣೆಗೆ ಜ್ಞಾನಸ್ನಾನದ ನೀರು ಬೀಳುವ ಮೊದಲೇ ಹೋದವಕ್ಕೆ, ಚರ್ಚಿನ ಮಣ್ಣಿಲ್ಲ ಎನ್ನುತ್ತಿದ್ದ ಕಾಲವಿತ್ತು. ಹೆಸರಿಲ್ಲ, ಗೋರಿಯಿಲ್ಲ. ಅಂಥವರ ತಾಯಂದಿರು ಉಟ್ಟ ಬಟ್ಟೆಯ ಒಂದು ಸೀಳನ್ನು ತಂದು ನಮ್ಮ ಅಜ್ಜಿಯ ಕೈಗೆ ಕೊಡುತ್ತಿದ್ದರು. ಅಜ್ಜಿ ಏನೂ ಕೇಳದೆ ಒಳಗೆ ಕಟ್ಟುತ್ತಿದ್ದಳು. ಆಮೇಲೆ ಅಮ್ಮ, ಆಮೇಲೆ ನಾನು. ವರ್ಷಕ್ಕೊಮ್ಮೆ, ಶುಭ ಶುಕ್ರವಾರ, ಕಪ್ಪು ನಿಲುವಂಗಿಯ ಒಳಗೆ ಆ ಮಕ್ಕಳೂ ಊರು ಸುತ್ತಿ ಬರುತ್ತಾರೆ. ಕೊನೆಯ ಗಾಡಿ ಎಂದು ನಾನು ಹಟ ಹಿಡಿಯುವುದು ಅದಕ್ಕೆ. ಮೆರವಣಿಗೆಯ ಗೌರವಕ್ಕಲ್ಲ.

ಹಳೇ ಬಟ್ಟೆ ಎಂದು ನಾನೇ ಬರೆದೆ. ಆ ಸುಳ್ಳು ನನ್ನದು. ಮಿಕ್ಕದ್ದು ನಿನ್ನದು.

ಹದಿನಾಲ್ಕರ ಗರಿಗಳ ಭಾನುವಾರದವರೆಗೆ ಕಾಯುತ್ತೇವೆ ಎಂದು ಹೆಂಗಸರು ಹೇಳಿದ್ದಾರೆ. ಬಿಚ್ಚಿದ ಚೂರುಗಳು ವಾಪಸ್ ಬರದಿದ್ದರೆ ಇನ್ನು ನನ್ನ ಬಾಗಿಲು ಯಾರೂ ತಟ್ಟುವುದಿಲ್ಲ, ಕೊನೆಯ ಗಾಡಿಗೆ ಚಾರಿಂಗಳ ಮೂರ್ತಿ ಏರುತ್ತದೆ. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಹುಡುಕು. ಅದರಲ್ಲಿ ಹಸಿರು ಚೌಕುಳಿಯದು ಒಂದಿದೆ. ನಿನಗೆ ಎಂಟು ವರ್ಷವಾಗಿದ್ದಾಗ ನನ್ನನ್ನು ಸಾನ್ ಪಾಬ್ಲೊದ ಚಿಕ್ಕಮ್ಮನ ಮನೆಗೆ ಟೈಪಿಂಗ್ ಕಲಿಯಲೆಂದು ಕಳಿಸಿದ್ದರು, ನೆನಪಿದೆಯೇ? ವರ್ಷ ಪೂರ್ತಿ ಅಲ್ಲಿದ್ದೆ. ಈಗಲೂ ಎರಡು ಬೆರಳಲ್ಲೇ ಟೈಪ್ ಮಾಡುತ್ತೇನೆ.

ಪೂರಿಂಗ್


ಮನೀಲಾ
೧೧ ಏಪ್ರಿಲ್

ಅಕ್ಕಾ,

ನೀನು ಸಾನ್ ಪಾಬ್ಲೊದಿಂದ ನನಗೆ ತೆಂಗಿನ ಮಿಠಾಯಿ ತಂದಿದ್ದೆ. ಅಷ್ಟೇ ನನಗೆ ನೆನಪಿದ್ದದ್ದು. ಮಿಕ್ಕದ್ದನ್ನು ಕೇಳುವುದಿಲ್ಲ. ಪತ್ರ ಸುಟ್ಟಿದ್ದೇನೆ.

ಬಿಚ್ಚಿದ ಚೂರುಗಳನ್ನು ಎಸೆದಿರಲಿಲ್ಲ. ಕೆಲಸದ ಕೋಣೆಯಲ್ಲಿ ಕುಂಚ ಒರೆಸುವ ಬಟ್ಟೆಗಳ ಚೀಲದಲ್ಲಿ ತುಂಬಿಟ್ಟಿದ್ದೆ. ಚೀಲವನ್ನು ನೆಲಕ್ಕೆ ಸುರಿದು ಬೇರೆ ಮಾಡಿದೆ. ಯಾವುದು ಒರೆಸುವ ಬಟ್ಟೆ, ಯಾವುದು ಮಗು ಎಂದು ಆರಿಸುವ ಕೆಲಸ ಯಾರಿಗೂ ಬೇಡ. ಗಂಟಿನ ಮಡಿಕೆ ಉಳಿದಿದ್ದರಿಂದ ಗುರುತು ಸಿಕ್ಕಿತು. ಎರಡಕ್ಕೆ ಬಣ್ಣ ತಾಗಿದೆ. ಹಸಿರು ಚೌಕುಳಿ ಇರಲಿಲ್ಲ. ಚೀಲವನ್ನು ಒಳಹೊರಗೆ ಮಾಡಿದೆ, ಇರಲಿಲ್ಲ.

ಬಿಯಾಂಕಾ ಬಳಿ ಹೋದೆ. ಮಾಲೀಕರು ವಾಪಸ್ ಕೇಳಿದ್ದಾರೆ ಎಂದೆ. “ಮಾಲೀಕ ನೀನೇ ತಾನೆ? ನೀನೇ ಬರ್ದಿದ್ದೀಯ” ಎಂದಳು. “ಸುಳ್ಳು ಬರ್ದಿದ್ದೀನಿ.” “ಅದನ್ನ ನಾನು ಮೇಲಿನವರಿಗೆ ಹೇಳಿದ್ರೆ ಈ ಊರಲ್ಲಿ ಯಾವ ಗೋಡೆನೂ ನಿಂಗೆ ಸಿಗಲ್ಲ ಎಲ್ಮೊ. ಬಚ್ಚಲಿನ ಪಕ್ಕದ್ದೂ ಸಿಗಲ್ಲ.” ಅವಳು ಕೆಟ್ಟವಳಲ್ಲ; ಎಚ್ಚರಿಸುತ್ತಿದ್ದಳು. “ನೀನು ಹೇಳ್ಬೇಡ, ನಾನೇ ಹೇಳ್ತೀನಿ” ಎಂದೆ. ಹೇಳಿದೆ. ಅವರು ಬಹಳ ಸಭ್ಯವಾಗಿ ಬೈದರು.

ಇಂದು ಮಧ್ಯಾಹ್ನ ದೀಪ ಆರಿಸಿ ಬಿಚ್ಚತೊಡಗಿದೆ. ದೀಪದ ತಂತಿ ಮರಕ್ಕೆ ತಾಗದಿರಲಿ ಎಂದು ಅಂದು ಕೈಗೆ ಸಿಕ್ಕ ಚೂರಿನಿಂದ ಎದೆಯ ಪಟ್ಟಿಗೆ ಕಟ್ಟಿದ್ದೆ. ಅದು ಹಸಿರು ಚೌಕುಳಿ. ನೀನು ಹುಡುಕುತ್ತ ನಿಂತಾಗ ಎದುರಿಗೇ ಇತ್ತು ಅಕ್ಕಾ, ನಟ್ಟ ನಡುವೆ. ನಾನಿಟ್ಟ ಬೆಳಕು ಅದನ್ನು ಕಾಣಗೊಡಲಿಲ್ಲ. ಬಿಸಿಗೆ ಒಂದು ಅಂಚು ಕಂದಿದೆ.

ಭಾನುವಾರ ತರುತ್ತೇನೆ. ಆಲಿಂಗ್ ಇದ್ಯಾಂಗಳ ತಲೆವಸ್ತ್ರ, ಆ ಶಾಲುಗಳು, ಎಲ್ಲವನ್ನೂ ಹೊದಿಸಿಯೇ ತರುತ್ತೇನೆ. ಬಾಗಿಲಲ್ಲಿ ಇಳಿಸಿ ಹೋಗುತ್ತೇನೆ.

ಕೋಣೆ ಹಾಗೆಯೇ ತೆರೆದಿರುತ್ತದಂತೆ. ಖಾಲಿ ಪೀಠದ ಪಕ್ಕದಲ್ಲಿ ‘ಅನುಪಸ್ಥಿತಿ’ ಎಂದು ಹೊಸ ಫಲಕ ಹಾಕಿದ್ದಾರೆ. ಜನ ಬರುತ್ತಿದ್ದಾರೆ.

ಪ್ರಾಸ ಹೊಳೆಯುತ್ತಿಲ್ಲ.

ಎಲ್ಮೊ


ಸಾಂತಾ ಇನೆಸ್
೨೧ ಏಪ್ರಿಲ್, ಈಸ್ಟರ್

ತಮ್ಮಾ,

ಕಳೆದ ಭಾನುವಾರ ನೀನು ಅವಳನ್ನು ಬಾಗಿಲಲ್ಲಿ ಇಳಿಸಿದಾಗ ನಾನು ಚೀಲ ಇಸಿದುಕೊಂಡು ಬಾಗಿಲು ಹಾಕಿಕೊಂಡೆ. ನೀನು ಬೇಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆ, ಕಿಟಕಿಯಿಂದ ಕಂಡೆ. ಶುಕ್ರವಾರ ಔಷಧಿ ಅಂಗಡಿಯ ಕಂಬದ ಹಿಂದೆ ನಿಂತಿದ್ದವನೂ ನೀನೇ. ಕಂಬ ನಿನಗಿಂತ ತೆಳ್ಳಗಿದೆ.

ಬಾಗಿಲ ಒಳಗೆ ಏನಾಯಿತು ಎಂದು ನಿನಗೆ ಹೇಳಬಾರದು. ಅರ್ಧ ಹೇಳಿಯಾಗಿದೆ, ಉಳಿದರ್ಧ ಮುಚ್ಚಿಟ್ಟು ಏನು ಉಳಿಸಲಿ?

ಚೂರುಗಳನ್ನು ತೊಳೆಯದೆ ಅಮ್ಮನ ಹಿತ್ತಾಳೆ ಬೋಗುಣಿಯಲ್ಲಿ ಇಟ್ಟೆ. ವಾರವಿಡೀ ಹೆಂಗಸರು ಒಬ್ಬೊಬ್ಬರಾಗಿ ಬಂದರು. ತಮ್ಮದನ್ನು ಆರಿಸಿಕೊಂಡರು, ತಾವೇ ಕಟ್ಟಿದರು. ಈ ಸಲ ನಾನು ಕಟ್ಟುತ್ತೇನೆ ಎನ್ನುವ ಬಾಯಿ ನನಗಿರಲಿಲ್ಲ. ಬಣ್ಣ ತಾಗಿದ್ದರಲ್ಲಿ ಒಂದು ಆಲಿಂಗ್ ಇದ್ಯಾಂಗಳದು. ಮೂಸಿ ನೋಡಿ, “ಹೋಗ್ಲಿ, ನನ್ನ ಮಗೂಗೂ ಒಂದ್ ಬಣ್ಣದ ಅಂಗಿ ಆಯ್ತು” ಎಂದಳು. ಇಬ್ಬರು ಮಾತ್ರ ತಮ್ಮದನ್ನು ಮಡಿಲಿಗೆ ಸೇರಿಸಿಕೊಂಡು ಮನೆಗೆ ಒಯ್ದರು, ವಾಪಸ್ ಬರಲಿಲ್ಲ. ತಡೆಯಲಿಲ್ಲ. ಆ ಎರಡು ಜಾಗ ಹಾಗೆಯೇ ಬಿಟ್ಟಿದ್ದೇನೆ.

ಚಾರಿಂಗ್ ಕೊನೆಗೆ ಬಂದಳು, ಶುಕ್ರವಾರ ಬೆಳಿಗ್ಗೆ. ಗಾಡಿಗೆ ಹೂ ಕಟ್ಟುತ್ತಿದ್ದರು. ಅವಳ ಮೂರ್ತಿಯೂ ಸಿಂಗಾರವಾಗಿ ಅವಳ ಅಂಗಳದಲ್ಲಿ ನಿಂತಿದೆ ಎಂದು ಊರಿಗೆಲ್ಲ ಗೊತ್ತಿತ್ತು. ನಾನು ಬಾಗಿಲು ತೆಗೆದೆ.

“ನಿನ್ನ ಹೊಸ ತಾಯಿ ಇದ್ದಾಳಲ್ಲೇ” ಎಂದೆ.

“ಇದ್ದಾಳೆ. ಬೆಳಿಗ್ಗೆ ಅವಳಿಗೇ ಒಂದು ಹೊಸ ಚೂರು ಕಟ್ಟೋಕೆ ನೋಡಿದೆ ಕಣೇ.” ಅವಳ ಕಣ್ಣು ಕೆಂಪಾಗಿತ್ತು. “ಮೈಯೆಲ್ಲಾ ನುಣ್ಣಗೆ. ಎಲ್ಲಿ ಕಟ್ಟಿದ್ರೂ ಜಾರಿ ಬೀಳುತ್ತೆ.”

ಒಳಗೆ ಬಂದು ಬೋಗುಣಿಗೆ ಕೈ ಹಾಕಿದಳು. ತನ್ನದು ಸಿಕ್ಕಿತು, ಕಟ್ಟಿದಳು. ತಳದಲ್ಲಿ ಹಸಿರು ಚೌಕುಳಿ ಉಳಿಯಿತು. ನಾನು ಎತ್ತಿಕೊಂಡು ಕಟ್ಟಲು ನೋಡಿದೆ, ಗಂಟು ಬೀಳಲೇ ಇಲ್ಲ. ಚಾರಿಂಗ್ ನನ್ನ ಕೈಯಿಂದ ತೆಗೆದುಕೊಂಡಳು. ಕಂದಿದ ಅಂಚನ್ನು ನೋಡಿದಳು, ಬಟ್ಟೆಯನ್ನು ನೋಡಿದಳು. ನಾನು ಸಾನ್ ಪಾಬ್ಲೊಗೆ ಹೋದ ವರ್ಷ ಒಂದೇ ಥಾನಿನ ಬಟ್ಟೆಯಲ್ಲಿ ನಮ್ಮಿಬ್ಬರಿಗೂ ಲಂಗ ಹೊಲಿಸಿದ್ದರು. ಯಾರದು, ಯಾವಾಗ ಎಂದು ಕೇಳಲಿಲ್ಲ. ಎದೆಯ ಪಟ್ಟಿಗೆ, ನೀನು ದೀಪ ಕಟ್ಟಿದ್ದಲ್ಲಿಯೇ, ಎರಡು ಗಂಟು ಹಾಕಿದಳು. ಬಿಗಿಯಾಗಿ. ಆಮೇಲೆ ಇಬ್ಬರೂ ಸೇರಿ ನಿಲುವಂಗಿ ತೊಡಿಸಿದೆವು.

ಕೊನೆಯ ಗಾಡಿ ಹೊರಟಿತು. ಚಾರಿಂಗಳ ಮೂರ್ತಿ ಅದಕ್ಕೂ ಮುಂದೆ ಎಲ್ಲೋ ಹೋಯಿತು; ಕೂದಲು ಬಿಚ್ಚಿ, ಕೈಗೊಂದು ಸುಗಂಧದ ಭರಣಿ ಕೊಟ್ಟು, ಅವಳನ್ನು ಯೇಸುವಿನ ಶಿಷ್ಯೆ ಮಗ್ದಲದ ಮರಿಯಳನ್ನಾಗಿ ಮಾಡಿಬಿಟ್ಟಿದ್ದಳು. ಫೈಬರಿನವಳಿಗೆ ಯಾವ ವೇಷವೂ ಒಗ್ಗುತ್ತದೆ.

ನಿನಗೆ ಗೋಡೆ ಇಲ್ಲದಂತಾಯಿತು ಎಂದು ಮಾಂಗ್ ದೋರೋ ಹೇಳಿದ. ಕ್ಷಮಿಸಿದ್ದೇನೆಯೇ ಎಂದು ಕೇಳಬೇಡ, ನನ್ನೊಳಗೆ ಇನ್ನೂ ನೋಡಿಕೊಂಡಿಲ್ಲ. ಆದರೆ ಶುಕ್ರವಾರ ಉಡಿಸುವಾಗ ಪಿನ್ನಿನ ಡಬ್ಬಿ ಹೊರಗೆ ಉಳಿದಿತ್ತು. ಚಾರಿಂಗ್ ಮೂರು ಸಲ ಎದ್ದು ಹೋಗಬೇಕಾಯಿತು, ಮೂರು ಸಲವೂ ನಿನ್ನನ್ನು ಬೈದಳು. ಬಾಗಿಲಾಚೆ ಅಪ್ಪ ನಿಲ್ಲುತ್ತಿದ್ದ ಜಾಗ ಖಾಲಿ ಇದೆ. ಚೀಸು ಕಳಿಸಿದ್ದೇನೆ, ಮಾಂಗ್ ದೋರೋಗೆ ಬೇರೆ ಕೊಟ್ಟಿದ್ದೇನೆ, ಈ ಸಲ ಪೂರ್ತಿ ತಲುಪುತ್ತದೆ.

ಹೊಸ್ತಿಲಾಚೆ ನಿಲ್ಲು ತಮ್ಮಾ, ಹೋಗಬೇಡ ದೂರ;
ಪಿನ್ನು ಒಂದೊಂದೇ ಕೊಡುತಿರು, ಹಂಚಿಕೊಳ್ಳೋಣ ಭಾರ.

ನಿನ್ನ ಅಕ್ಕ,
ಪೂರಿಂಗ್